3060 ತಗೊಳ್ಳೋದಾ, 4060 ತಗೊಳ್ಳೋದಾ? ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ

ಅಕ್ಕನ ಮಗ ಹಾಸನದಿಂದ ಫೋನ್ ಮಾಡಿದ. ಆಟ ಆಡಲು ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕಂತೆ, ಅಂದರೆ ಪರದೆ ಮೇಲಿನ ಚಿತ್ರ ಬರೆಯುವ ಕಾರ್ಡ್. "ಮಾಮ, ಸೆಕೆಂಡ್ ಹ್ಯಾಂಡ್ 3060 ತಗೊಳ್ಲಾ, ಹೊಸ 4060 ತಗೊಳ್ಲಾ?"

ನಾನು ಉತ್ತರ ಹೇಳಲಿಲ್ಲ. "ನಿನ್ನ ಮದರ್‌ಬೋರ್ಡ್ ಯಾವುದೋ?" ಅಂತ ಕೇಳಿದೆ. "ಅದಕ್ಕೂ ಇದಕ್ಕೂ ಏನ್ ಸಂಬಂಧ?" ಅಂದ. ಸಂಬಂಧ ಇದೆ. ಈ ಎರಡು ಕಾರ್ಡ್‌ಗಳಲ್ಲಿ ಯಾವುದು ಒಳ್ಳೆಯದು ಅನ್ನುವುದು ಅರ್ಧ ಕಾರ್ಡ್‌ನಲ್ಲಿದೆ, ಇನ್ನರ್ಧ ನಿಮ್ಮ ಮೇಜಿನ ಕೆಳಗೆ ಧೂಳು ಹಿಡಿದು ಕೂತಿರುವ ಡಬ್ಬದಲ್ಲಿದೆ. ಅದನ್ನು ನೋಡದೆ ಯೂಟ್ಯೂಬ್ ವಿಡಿಯೋ ನೋಡಿ ಕಾರ್ಡ್ ತಂದವರು ಆಮೇಲೆ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ತರಲು, ಅದಾದ ಮೇಲೆ ಮಾನಿಟರ್ ತರಲು ಓಡಾಡುತ್ತಾರೆ.

ಈ ಲೇಖನದಲ್ಲಿ ನಾನು ಹಿಡಿದಿರುವುದು ಎನ್ವಿಡಿಯಾದ ಆರ್‌ಟಿಎಕ್ಸ್ 3060 ಮತ್ತು 4060. ನಮ್ಮಲ್ಲಿ ತುಂಬಾ ಜನ ಒದ್ದಾಡುವುದು ಈ ಎರಡರ ನಡುವೆಯೇ. ಬೇರೆ ಜೋಡಿ ನೋಡುತ್ತಿದ್ದರೂ ಪರೀಕ್ಷೆ ಮಾಡುವ ದಾರಿ ಇದೇ.

ಹೆಸರು ಓದುವುದು ಹೇಗೆ

3060ರಲ್ಲಿ ಮೊದಲ 30 ಅಂದರೆ ತಲೆಮಾರು, ಕೊನೆಯ 60 ಅಂದರೆ ದರ್ಜೆ. 3060, 4060, 5060 ಎಲ್ಲಾ ಒಂದೇ ದರ್ಜೆಯ ಅಣ್ಣತಮ್ಮಂದಿರು. 50 ಅಂದರೆ ಕೆಳಗಿನ ಮೆಟ್ಟಿಲು, 70 ಅಂದರೆ ಮೇಲಿನದು. ಹಿಂದೆ 'ಟಿಐ' ಅಂತ ಇದ್ದರೆ ಅದೇ ದರ್ಜೆಯಲ್ಲಿ ಸ್ವಲ್ಪ ಜಾಸ್ತಿ ಶಕ್ತಿ.

ಹೊಸ ತಲೆಮಾರು ಅಂದ ತಕ್ಷಣ ಎಲ್ಲದರಲ್ಲೂ ಮುಂದೆ ಇರುತ್ತದೆ ಅಂದುಕೊಳ್ಳಬೇಡಿ. ಹಳೆಯ 3060 ಟಿಐ ಇವತ್ತಿಗೂ ಎಷ್ಟೋ ಆಟಗಳಲ್ಲಿ 4060 ಜೊತೆ ಸಮಸಮ ಓಡುತ್ತದೆ.

ಕಾಗದದ ಮೇಲೆ ಏನಿದೆ

3060 ಬಂದದ್ದು 2021ರ ಫೆಬ್ರವರಿಯಲ್ಲಿ. 3584 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ, 192 ಬಿಟ್ ಬಸ್ (ಮೆಮೊರಿಗೂ ಚಿಪ್‌ಗೂ ನಡುವಿನ ದಾರಿಯ ಅಗಲ), ಸೆಕೆಂಡಿಗೆ 360 ಜಿಬಿ ಮೆಮೊರಿ ವೇಗ, 170 ವಾಟ್. 4060 ಬಂದದ್ದು 2023ರ ಜೂನ್ ಕೊನೆಯಲ್ಲಿ. 3072 ಕೋರ್, 8 ಜಿಬಿ, 128 ಬಿಟ್, ಸೆಕೆಂಡಿಗೆ 272 ಜಿಬಿ, 115 ವಾಟ್.

ಒಂದು ನಿಮಿಷ, ಹೊಸದರಲ್ಲಿ ಎಲ್ಲಾ ಕಡಿಮೆ ಇದೆಯಲ್ಲ ಅನ್ನಿಸಿತಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೂ ಫುಲ್ ಎಚ್‌ಡಿ ಪರದೆಯಲ್ಲಿ, ಅಂದರೆ 1080ಪಿಯಲ್ಲಿ, 4060 ಸುಮಾರು 15ರಿಂದ 20 ಪರ್ಸೆಂಟ್ ಮುಂದಿದೆ. ಹಳೆಯದರ ಚಿಪ್ ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ವಿಧಾನದಲ್ಲಿ ಆಗಿದ್ದು. ಹೊಸದು ಟಿಎಸ್‌ಎಂಸಿಯಲ್ಲಿ, ಅದಕ್ಕಿಂತ ಎಷ್ಟೋ ಸಣ್ಣ ವಿಧಾನದಲ್ಲಿ ಆಗಿದ್ದು. ಅದಕ್ಕೇ ಕಡಿಮೆ ಕರೆಂಟಿನಲ್ಲಿ ಜಾಸ್ತಿ ಕ್ಲಾಕ್ ವೇಗ. ಜೊತೆಗೆ ಚಿಪ್ ಒಳಗೇ ಇರುವ ಪುಟ್ಟ ಮೆಮೊರಿ, ಎಲ್2 ಕ್ಯಾಶ್, 3 ಎಂಬಿಯಿಂದ 24 ಎಂಬಿಗೆ ಏರಿದೆ. ಒಗ್ಗರಣೆ ಡಬ್ಬಿ ಒಲೆ ಪಕ್ಕದಲ್ಲೇ ಇದ್ದರೆ ಸಾಸಿವೆಗೆ ಅಂತ ಪದೇ ಪದೇ ಉಗ್ರಾಣಕ್ಕೆ ಓಡಬೇಕಿಲ್ಲ, ಅಲ್ವಾ? ಅದೇ ಲೆಕ್ಕ. ಆದರೆ ಡಬ್ಬಿ ದೊಡ್ಡದಾದರೂ ಉಗ್ರಾಣ ಚಿಕ್ಕದಾಗಿದೆ, 12 ಇದ್ದದ್ದು 8 ಆಗಿದೆ. ಜಗಳವೆಲ್ಲಾ ಅಲ್ಲೇ ಇರುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಕ್ಯಾಬಿನೆಟ್ ಬಿಚ್ಚಿ

ಕರೆಂಟ್ ವೈರ್ ತೆಗೆದು, ಪಕ್ಕದ ಎರಡು ಸ್ಕ್ರೂ ಬಿಚ್ಚಿ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಮದರ್‌ಬೋರ್ಡ್ ಮೇಲೆ ಮಾಡೆಲ್ ಹೆಸರು ದೊಡ್ಡದಾಗಿ ಬರೆದಿರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ.

ಕಾರ್ಡ್ ಸಿಕ್ಕಿಸುವ ಸ್ಲಾಟ್ ಪಿಸಿಐಇ 3.0 (ಹಳೆಯದು, ನಿಧಾನ) ಅಥವಾ 4.0 (ಹೊಸದು, ವೇಗ) ಅನ್ನುವುದು ಮೊದಲ ವಿಷಯ. ಎಎಂಡಿ ಬಿ450, ಇಂಟೆಲ್ 10ನೇ ತಲೆಮಾರಿನ ಎಚ್410 ಇಂಥವೆಲ್ಲ 3.0. ಇನ್ನೊಂದು ಗುಟ್ಟಿದೆ. ಬೋರ್ಡ್ ಬಿ550 ಆಗಿದ್ದರೂ ಪ್ರೊಸೆಸರ್ ರೈಝೆನ್ 5600ಜಿ ಆಗಿದ್ದರೆ ಕಾರ್ಡ್‌ಗೆ ಸಿಗುವುದು 3.0 ಮಾತ್ರ. 3060ಗೆ ಡೇಟಾ ಓಡಾಡುವ 16 ಲೇನ್ ಇದೆ, 4060ಗೆ 8 ಮಾತ್ರ. ಹಾಗಾಗಿ ಹಳೆಯ ಬೋರ್ಡ್‌ನಲ್ಲಿ 4060ಗೆ ಸಿಗುವ ದಾರಿ ಸೆಕೆಂಡಿಗೆ ಸುಮಾರು 8 ಜಿಬಿ, 3060ಗೆ 16. ಕಾರ್ಡ್‌ನ ಮೆಮೊರಿ ಸಾಕಾಗುವವರೆಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮೆಮೊರಿ ತುಂಬಿದ ಕ್ಷಣ ಉಳಿದ ಸಾಮಾನೆಲ್ಲಾ ಕಂಪ್ಯೂಟರ್‌ನ ರ‍್ಯಾಮ್‌ನಿಂದ ಈ ಕಿರಿದಾದ ದಾರಿಯಲ್ಲೇ ಬರಬೇಕು. ಆಗ ಆಟ ಕೆಮ್ಮಲು ಶುರುಮಾಡುತ್ತದೆ.

ಎರಡನೆಯದು ಎಸ್‌ಎಂಪಿಎಸ್. ಎರಡೂ ಕಾರ್ಡ್‌ಗೆ ಎನ್ವಿಡಿಯಾ ಹೇಳುವುದು 550 ವಾಟ್. 4060 ಅನ್ನು ಒಳ್ಳೆಯ ಕಂಪನಿಯ 450 ಕೂಡ ಆರಾಮಾಗಿ ಎಳೆಯುತ್ತದೆ. ಆದರೆ ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್‌ಎಂಪಿಎಸ್ ಮೇಲೆ 450 ಅಂತ ಬರೆದಿದ್ದರೆ ನಂಬಬೇಡಿ. 8 ಪಿನ್‌ನ ಪಿಸಿಐಇ ವೈರ್ ಇದೆಯಾ ನೋಡಿ. ಇಲ್ಲದಿದ್ದರೆ ಹಾರ್ಡ್‌ಡಿಸ್ಕ್ ವೈರಿಗೆ ಕನ್ವರ್ಟರ್ ಸಿಕ್ಕಿಸುವ ಸಾಹಸ ಬೇಡ, ಹೊಸ ಎಸ್‌ಎಂಪಿಎಸ್ ದುಡ್ಡನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಯುಪಿಎಸ್ ವಿಷಯ ಯಾವ ವಿಡಿಯೋದಲ್ಲೂ ಬರುವುದಿಲ್ಲ, ನಮಗೆ ಮಾತ್ರ ಅದು ದಿನಾ ಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ ಯುಪಿಎಸ್. ಅದು ಕೊಡುವುದು ಹೆಚ್ಚೆಂದರೆ 360 ವಾಟ್. 170 ವಾಟಿನ ಕಾರ್ಡ್, ಪ್ರೊಸೆಸರ್, ಮಾನಿಟರ್, ಫ್ಯಾನ್ ಎಲ್ಲಾ ಸೇರಿದರೆ 300 ದಾಟುತ್ತದೆ. ಆಟದ ಮಧ್ಯೆ ಕರೆಂಟ್ ಹೋದರೆ ಯುಪಿಎಸ್ ಕೀಂ ಅಂತ ಕೂಗಿ ಎಲ್ಲವನ್ನೂ ಆಫ್ ಮಾಡಿಬಿಡಬಹುದು. 115 ವಾಟ್ ಆದರೆ ಉಸಿರಾಡಲು ಜಾಗ ಇರುತ್ತದೆ. ನಿಮ್ಮೂರಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತಿದ್ದರೆ ಇದನ್ನು ಗಂಭೀರವಾಗಿ ತಗೊಳ್ಳಿ.

ಮಾನಿಟರ್? 1080ಪಿ, 75 ಹರ್ಟ್ಸ್ ಆಗಿದ್ದರೆ ಸೆಕೆಂಡಿಗೆ 75ಕ್ಕಿಂತ ಜಾಸ್ತಿ ಚಿತ್ರ ಅದು ತೋರಿಸುವುದಿಲ್ಲ. 90 ಬಂದರೂ 110 ಬಂದರೂ ಪರದೆಗೆ ಒಂದೇ. ಟೇಪ್ ಹಿಡಿದು ಕ್ಯಾಬಿನೆಟ್ ಒಳಗಿನ ಉದ್ದವನ್ನೂ ಅಳೆದುಬಿಡಿ. ಮೂರು ಫ್ಯಾನಿನ ಕೆಲವು ಕಾರ್ಡ್ 30 ಸೆಂಟಿಮೀಟರ್ ದಾಟುತ್ತವೆ.

ಇಷ್ಟು ನೋಡಿ ಅಕ್ಕನ ಮಗ ಕಳಿಸಿದ ಪಟ್ಟಿ: ಬಿ450 ಬೋರ್ಡ್, ರೈಝೆನ್ 5600ಜಿ, ಒಳ್ಳೆಯ 550 ವಾಟ್ ಎಸ್‌ಎಂಪಿಎಸ್, 75 ಹರ್ಟ್ಸ್ ಮಾನಿಟರ್, ಯುಪಿಎಸ್ ಇಲ್ಲ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

8 ಜಿಬಿ ಸಾಕಾ?

ಆಡುವ ಆಟದ ಮೇಲೆ ಹೋಗುತ್ತದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5 ಇವಕ್ಕೆ 8 ಜಿಬಿ ಧಾರಾಳ. ವ್ಯಾಲರಂಟ್ ಒಂದೇ ಆಡುವವರು ಈ ಲೇಖನವನ್ನೇ ಓದಬೇಕಿಲ್ಲ, ಅದಕ್ಕೆ ಇವೆರಡರ ಅರ್ಧ ಶಕ್ತಿಯೂ ಬೇಡ.

ತೊಂದರೆ ಬರುವುದು ದೊಡ್ಡ ಕಥೆಯ, ದೊಡ್ಡ ಜಗತ್ತಿನ ಆಟಗಳಲ್ಲಿ. 2023ರಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ 8 ಜಿಬಿ ಕಾರ್ಡ್ ಇದ್ದವರು ಬೈದ ಬೈಗುಳ ಇನ್ನೂ ನೆನಪಿದೆ. ಆಮೇಲೆ ಅಪ್‌ಡೇಟ್ ಬಂದು ಸುಧಾರಿಸಿತು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟದಲ್ಲಿ 8 ಜಿಬಿ ಕಾರ್ಡ್ ಇದ್ದರೆ ಟೆಕ್ಸ್ಚರ್ (ಗೋಡೆ, ಬಟ್ಟೆ ಇಂಥವುಗಳ ಮೇಲ್ಮೈ ಚಿತ್ರ) ಪೂಲ್ ಅನ್ನುವ ಸೆಟ್ಟಿಂಗ್ ಕೆಳಗಿಳಿಸಲೇಬೇಕು.

ಮೆಮೊರಿ ಸಾಕಾಗದಿದ್ದರೆ ಹೇಗೆ ಗೊತ್ತಾಗುತ್ತದೆ? ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಅಂಕಿ) ನೋಡಿದರೆ ಗೊತ್ತಾಗುವುದಿಲ್ಲ. ಅದು 65 ಅಂತಲೇ ತೋರಿಸುತ್ತಿರುತ್ತದೆ. ಆದರೆ ನೀವು ಬಾಗಿಲು ತೆಗೆದು ಒಳಗೆ ಹೋದಾಗ ಆಟ ಅರೆಕ್ಷಣ ನಿಂತು ಮುಂದೆ ಹೋಗುತ್ತದೆ. ಗೋಡೆ ಮೇಲಿನ ಚಿತ್ರ ಮೊದಲು ಮಸುಕಾಗಿ, ಮೂರು ಸೆಕೆಂಡ್ ಆದ ಮೇಲೆ ಸರಿಯಾಗುತ್ತದೆ. ಕೆಲವು ಆಟಗಳಲ್ಲಿ ಸರಿಯಾಗುವುದೇ ಇಲ್ಲ. ಅದಕ್ಕೇ ವಿಡಿಯೋ ನೋಡುವಾಗ ಸರಾಸರಿಯ ಪಕ್ಕದಲ್ಲಿ '1 ಪರ್ಸೆಂಟ್ ಲೋ' ಅಂತ ಇರುವ ಅಂಕಿ ನೋಡಿ. ಆಟ ತೀರಾ ನಿಧಾನ ಆದ ಕ್ಷಣಗಳ ವೇಗ ಅದು. ಸರಾಸರಿ 70, ಲೋ 55 ಇದ್ದರೆ ಆಟ ನುಣ್ಣಗೆ. ಸರಾಸರಿ 75, ಲೋ 28 ಇದ್ದರೆ ಎತ್ತಿನ ಗಾಡಿ.

ಹಾಗಂತ 12 ಜಿಬಿ ಇದ್ದ ಮಾತ್ರಕ್ಕೆ 3060 ಹುಲಿ ಅಲ್ಲ. ಮೆಮೊರಿ ಮಿಗುವ ಎಷ್ಟೋ ಕಡೆ ಅದರ ಚಿಪ್ಪೇ ಸುಸ್ತಾಗಿರುತ್ತದೆ. ಆಟದಲ್ಲಿ ಅದರ ಲಾಭ ಇರುವುದು ಒಂದೇ ಕಡೆ. ಟೆಕ್ಸ್ಚರ್ 'ಹೈ' ಇಟ್ಟು, ಉಳಿದದ್ದನ್ನು 'ಮೀಡಿಯಂ' ಮಾಡಿ, ನೆಮ್ಮದಿಯಾಗಿ ಆಡಬಹುದು. ನನಗೆ ಕೇಳಿದರೆ ಚಂದ ಕಾಣಲು ಬೇಕಾಗಿರುವುದು ಅದೇ. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯುವವರು, ಮನೆಯ ಕಂಪ್ಯೂಟರಿನಲ್ಲೇ ಎಐ ಮಾಡೆಲ್ ಓಡಿಸಿ ನೋಡುವ ಇಂಜಿನಿಯರಿಂಗ್ ಹುಡುಗರು ಆದರೆ ಆ 4 ಜಿಬಿ ಬಂಗಾರ.

ಫ್ರೇಮ್ ಜನರೇಷನ್ ಅನ್ನುವ ಆಸೆ

4060 ಮಾರುವವರು ಮೊದಲು ಹೇಳುವುದು ಇದನ್ನೇ. ಎರಡು ನಿಜವಾದ ಚಿತ್ರದ ನಡುವೆ ಕಾರ್ಡ್ ತಾನೇ ಒಂದು ಚಿತ್ರ ಬರೆದು ಸೇರಿಸುತ್ತದೆ. ಎಫ್‌ಪಿಎಸ್ ಕೌಂಟರ್‌ನಲ್ಲಿ 50 ಇದ್ದದ್ದು 85 ಆಗುತ್ತದೆ. ನೋಡಲು ನುಣುಪು, ನಿಜ. ಆದರೆ ಮೌಸ್ ಅಲ್ಲಾಡಿಸಿದಾಗ ಆಟ ಪ್ರತಿಕ್ರಿಯಿಸುವುದು ಹಳೆಯ ವೇಗದಲ್ಲೇ, ಇನ್ನೂ ಸ್ವಲ್ಪ ತಡವಾಗಿಯೇ. ಮೊದಲೇ 50-60 ಬರುತ್ತಿದ್ದರೆ ಇದು ಒಳ್ಳೆಯದು. 25 ಬರುತ್ತಿರುವಾಗ ಹಾಕಿದರೆ ನೀರಲ್ಲಿ ನಡೆದ ಹಾಗೆ ಆಗುತ್ತದೆ. ಇನ್ನೊಂದು, ಈ ಕೆಲಸಕ್ಕೂ ಮೆಮೊರಿ ಬೇಕು. ಇರುವುದೇ 8 ಜಿಬಿ, ಅದೂ ತುಂಬಿರುವಾಗ ಇದನ್ನು ಆನ್ ಮಾಡಿದರೆ ಕೆಲವೊಮ್ಮೆ ಇದ್ದದ್ದೂ ಹೋಗುತ್ತದೆ.

ಡಿಎಲ್‌ಎಸ್‌ಎಸ್ ಅಂದರೆ ಫ್ರೇಮ್ ಜನರೇಷನ್ ಅಂತ ಗಲಿಬಿಲಿ ಮಾಡಿಕೊಳ್ಳಬೇಡಿ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಎಫ್‌ಪಿಎಸ್ ಏರಿಸುವ ಡಿಎಲ್‌ಎಸ್‌ಎಸ್ ಎಲ್ಲಾ ಆರ್‌ಟಿಎಕ್ಸ್ ಕಾರ್ಡ್‌ನಲ್ಲೂ ಇದೆ. 2025ರ ಜನವರಿಯಲ್ಲಿ ಬಂದ ಅದರ ಸುಧಾರಿತ ಮಾದರಿ 3060ಗೂ ಸಿಕ್ಕಿದೆ. ಫ್ರೇಮ್ ಜನರೇಷನ್ ಮಾತ್ರ 40 ಸೀರೀಸ್‌ನಿಂದ ಮೇಲೆ. ಎಎಂಡಿಯ ಎಫ್‌ಎಸ್‌ಆರ್ 3 ಇರುವ ಆಟಗಳಲ್ಲಿ 3060 ಕೂಡ ಅಂಥದ್ದೇ ಕೆಲಸ ಮಾಡುತ್ತದೆ.

ಕರೆಂಟ್ ಬಿಲ್

ಇದರ ಬಗ್ಗೆ ಜನ ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ವ್ಯತ್ಯಾಸ 55 ವಾಟ್. ದಿನಕ್ಕೆ 3 ಗಂಟೆ ಆಡಿದರೆ ವರ್ಷಕ್ಕೆ ಸುಮಾರು 60 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ 420 ರೂಪಾಯಿ. ಹತ್ತು ಸಾವಿರ ಜಾಸ್ತಿ ಕೊಟ್ಟು ವರ್ಷಕ್ಕೆ 420 ಉಳಿಸುವುದು ಯಾವ ಲೆಕ್ಕ? ಗೃಹಜ್ಯೋತಿಯಲ್ಲಿ 200 ಯೂನಿಟ್ ಗಡಿಯ ಹತ್ತಿರ ಓಡಾಡುವ ಮನೆ ಆದರೆ ಮಾತ್ರ ಈ ತಿಂಗಳಿಗೆ 5 ಯೂನಿಟ್ ಲೆಕ್ಕಕ್ಕೆ ಬರುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಅಮ್ಮನ ಕೈಲಿ ಬೈಸಿಕೊಳ್ಳುವುದು ಬೇರೆ.

ಅಂಗಡಿಯಲ್ಲಿ ನಡೆದದ್ದು

ಹುಡುಗ ಬೆಂಗಳೂರಿಗೆ ಬಂದ. ಇಬ್ಬರೂ ಎಸ್‌ಪಿ ರೋಡಿಗೆ ಹೋದೆವು. ಒಂದು ಅಂಗಡಿಯಲ್ಲಿ "3060 ಇದೆ ಸಾರ್, ಹೊಸದು, ಸೀಲ್ ಓಪನ್ ಆಗಿಲ್ಲ" ಅಂದರು. ಬೆಲೆಯೂ ಪರವಾಗಿಲ್ಲ. ಹುಡುಗ ಪರ್ಸ್ ತೆಗೆದೇಬಿಟ್ಟಿದ್ದ. ಡಬ್ಬ ತಿರುಗಿಸಿ ಕೆಳಗಿನ ಮೂಲೆ ನೋಡಿದೆ. 8 ಜಿಬಿ.

3060 ಹೆಸರಲ್ಲಿ ಎರಡು ಕಾರ್ಡ್ ಇವೆ. ಮೊದಲು ಬಂದದ್ದು 12 ಜಿಬಿ. 2022ರ ಕೊನೆಗೆ ಸದ್ದಿಲ್ಲದೆ 8 ಜಿಬಿಯದ್ದೂ ಬಂತು. ಕೋರ್ ಅಷ್ಟೇ ಇವೆ. ಆದರೆ ಬಸ್ 192ರಿಂದ 128ಕ್ಕೆ ಇಳಿದಿದೆ, ಮೆಮೊರಿ ವೇಗ 360ರಿಂದ 240ಕ್ಕೆ. 4060ರಲ್ಲಿ ಇರುವ ದೊಡ್ಡ ಕ್ಯಾಶ್ ಇದಕ್ಕೆ ಇಲ್ಲ. ಅಂದರೆ ಉಗ್ರಾಣವೂ ಚಿಕ್ಕದು, ಒಗ್ಗರಣೆ ಡಬ್ಬಿಯೂ ಚಿಕ್ಕದು. "ಎರಡೂ ಒಂದೇ ಸಾರ್" ಅಂದರು ಅಂಗಡಿಯವರು. ಒಂದೇ ಅಲ್ಲ. 3060 ತಗೊಳ್ಳುವುದಾದರೆ 12 ಜಿಬಿ, ಇಲ್ಲದಿದ್ದರೆ ಬೇಡವೇ ಬೇಡ.

ಅವತ್ತು ಇನ್ನೊಂದು ವಿಷಯವೂ ಗೊತ್ತಾಯಿತು. ಹೊಸ 4060ಗೆ ಕೇಳಿದ ಬೆಲೆಗೆ ಎರಡು ಅಂಗಡಿ ಆಚೆ 5060 ಇತ್ತು. 5060 ಬಂದದ್ದು 2025ರ ಮೇನಲ್ಲಿ. ಅದೂ 8 ಜಿಬಿ, ಅದಕ್ಕೂ 8 ಲೇನ್. ಆದರೆ ಜಿಡಿಡಿಆರ್7 ಮೆಮೊರಿ ಇರುವುದರಿಂದ ವೇಗ 448 ಜಿಬಿ. ಬೆಲೆ ಒಂದೇ ಇದ್ದರೆ 4060 ಕಡೆ ತಿರುಗಿಯೂ ನೋಡಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ನೋಡಿ

2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಹಗಲುರಾತ್ರಿ ಓಡಿಸಿ ಕ್ರಿಪ್ಟೋ ಹಣ ಗಳಿಸುವುದು) ನಿಂತಮೇಲೆ ರಾಶಿ ರಾಶಿ 30 ಸೀರೀಸ್ ಕಾರ್ಡ್ ಮಾರುಕಟ್ಟೆಗೆ ಬಂದವು. ಮೈನಿಂಗ್ ಕಾರ್ಡ್ ಅಂದ ತಕ್ಷಣ ಹೆದರಬೇಕಿಲ್ಲ. ಚಿಪ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ, ಸವೆಯುವುದು ಫ್ಯಾನ್ ಮತ್ತು ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪ್ಯಾಡ್. ನೋಡದೆ ತಗೊಳ್ಳಬಾರದು ಅಷ್ಟೇ.

ಮಾರುವವರ ಮನೆಗೇ ಹೋಗಿ. ಕಾರ್ಡ್ ಅವರ ಕಂಪ್ಯೂಟರಿನಲ್ಲಿ ಓಡುತ್ತಿರಬೇಕು. "ತೆಗೆದಿಟ್ಟಿದೀನಿ, ವಿಡಿಯೋ ಇದೆ ನೋಡಿ" ಅಂದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ಅಡ್ವಾನ್ಸ್ ಅಂತೂ ಯಾವ ಕಾರಣಕ್ಕೂ ಕಳಿಸಬೇಡಿ.

ಪೆನ್‌ಡ್ರೈವ್‌ನಲ್ಲಿ ಜಿಪಿಯು-ಝಡ್ ಅನ್ನುವ, ಕಾರ್ಡ್‌ನ ವಿವರ ತೋರಿಸುವ ಸಾಫ್ಟ್‌ವೇರ್ ತಗೊಂಡು ಹೋಗಿ. ಅದರಲ್ಲಿ ಮೆಮೊರಿ 12288 ಎಂಬಿ, ಬಸ್ 192 ಬಿಟ್ ಅಂತ ಬರಬೇಕು. ಹಳೆಯ ಕಾರ್ಡ್‌ಗೆ ಬಯೋಸ್ (ಕಾರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಬದಲಿಸಿ ದೊಡ್ಡ ಹೆಸರು ಕೊಟ್ಟು ಮಾರುವವರಿದ್ದಾರೆ. ಅಂಥ ಎಷ್ಟೋ ಕಾರ್ಡ್‌ಗಳ ಹೆಸರಿನ ಹಿಂದೆ ಜಿಪಿಯು-ಝಡ್ ತಾನೇ 'ಫೇಕ್' ಅಂತ ಹಾಕುತ್ತದೆ.

ಆಮೇಲೆ ಕಾರ್ಡ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹದಿನೈದು ನಿಮಿಷ ಓಡಿಸಿ. ಎರಡು ಅಂಕಿ ನೋಡಿ: ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್) ಬಿಸಿ ಮತ್ತು ಹಾಟ್‌ಸ್ಪಾಟ್, ಅಂದರೆ ಚಿಪ್‌ನ ಅತಿ ಬಿಸಿಯಾದ ಜಾಗ. ಎರಡರ ನಡುವೆ 10-15 ಡಿಗ್ರಿ ವ್ಯತ್ಯಾಸ ಇದ್ದರೆ ಆರೋಗ್ಯವಾಗಿದೆ. 30 ಹತ್ತಿರ ಹೋದರೆ ಚಿಪ್ ಮೇಲೆ ಹಚ್ಚಿದ, ಬಿಸಿ ಸಾಗಿಸುವ ಪೇಸ್ಟ್ ಒಣಗಿದೆ ಅಂತ ಅರ್ಥ, ಚೌಕಾಸಿ ಮಾಡಲು ಒಂದು ಕಾರಣ ಸಿಕ್ಕಿತು. ಪರದೆ ಮೇಲೆ ಬಣ್ಣದ ಚುಕ್ಕಿ, ಚೌಕ, ಗೆರೆ ಏನಾದರೂ ಬಂದರೆ ಮಾತ್ರ ಚೌಕಾಸಿಯೂ ಬೇಡ, ಎದ್ದು ಬನ್ನಿ. ಫ್ಯಾನ್ ಕಡೆ ಕಿವಿ ಕೊಡಿ, ಕಟಕಟ ಶಬ್ದ ಇದೆಯಾ ಅಂತ. ಹಿಂದಿನ ನಾಲ್ಕೂ ಪೋರ್ಟ್‌ಗೆ ಕೇಬಲ್ ಹಾಕಿ ನೋಡಿ. ಮಂಗಳೂರು, ಕಾರವಾರದ ಕಡೆಯ ಕಾರ್ಡ್ ಆದರೆ ಸ್ಕ್ರೂ, ಪೋರ್ಟ್ ಅಂಚು ತುಕ್ಕು ಹಿಡಿದಿದೆಯಾ ಟಾರ್ಚ್ ಹಾಕಿ ನೋಡಿ. ಉಪ್ಪುಗಾಳಿ ಸುಮ್ಮನೆ ಬಿಡುವುದಿಲ್ಲ.

ವಾರಂಟಿ ಸಾಮಾನ್ಯವಾಗಿ 3 ವರ್ಷ. 2021ರಲ್ಲಿ ಕೊಂಡ 3060ರದ್ದು ಯಾವಾಗಲೋ ಮುಗಿದಿದೆ. ತಡವಾಗಿ ಕೊಂಡದ್ದಾದರೆ ಬಿಲ್ ಕೇಳಿ, ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಕಾರ್ಡ್ ಮೇಲಿನದ್ದಕ್ಕೆ ತಾಳೆ ನೋಡಿ. ಹಳೆಯ ತಲೆಮಾರಿಗೆ ಡ್ರೈವರ್ (ಕಾರ್ಡ್ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್) ನಿಂತುಹೋಗುತ್ತದೆ ಅನ್ನುವ ಭಯ ಬೇಡ. 2016ರ ಜಿಟಿಎಕ್ಸ್ 1060ಗೆ ಹೊಸ ಆಟಗಳ ಡ್ರೈವರ್ ನಿಂತದ್ದು 2025ರ ಅಕ್ಟೋಬರ್‌ನಲ್ಲಿ. ಆ ಲೆಕ್ಕದಲ್ಲಿ 3060ಗೆ ಇನ್ನೂ ವಯಸ್ಸಿದೆ.

ಹಾಗಾದರೆ ಯಾವುದು?

ಬೆಲೆಯನ್ನು ಎಫ್‌ಪಿಎಸ್‌ನಿಂದ ಭಾಗಿಸಿ. ಉದಾಹರಣೆಗೆ 18,000ದ ಕಾರ್ಡ್ ನಿಮ್ಮ ಆಟದಲ್ಲಿ 60 ಕೊಟ್ಟರೆ ಒಂದು ಫ್ರೇಮ್‌ಗೆ 300 ರೂಪಾಯಿ. 28,000ದ ಕಾರ್ಡ್ 71 ಕೊಟ್ಟರೆ 394. ನಿಮ್ಮ ಆಟ, ನಿಮ್ಮ ಊರಿನ ಇವತ್ತಿನ ಬೆಲೆ ಹಾಕಿ. 2025ರ ಕೊನೆಯಿಂದ ಮೆಮೊರಿ ಚಿಪ್ ಬೆಲೆ ಏರಿರುವುದರಿಂದ ಹಳೆಯ ವಿಡಿಯೋದ ಬೆಲೆ ನಂಬಬೇಡಿ.

ಪಿಸಿಐಇ 4.0 ಬೋರ್ಡ್, ಚಿಕ್ಕ ಎಸ್‌ಎಂಪಿಎಸ್, ಮನೆಯಲ್ಲಿ ಯುಪಿಎಸ್, ಆಡುವುದು ಹೆಚ್ಚಾಗಿ ಆನ್‌ಲೈನ್ ಆಟ, ಪರೀಕ್ಷೆ ಮಾಡಿ ಹಳೆಯದು ಕೊಳ್ಳುವ ತಾಳ್ಮೆ ಇಲ್ಲ ಅನ್ನುವವರು ಹೊಸದಕ್ಕೇ ಹೋಗಿ, 4060 ಅಥವಾ 5060. ಬೋರ್ಡ್ ಹಳೆಯದು, ಕಥೆಯ ಆಟ ಇಷ್ಟ, ಜೇಬು ಬಿಗಿ, ಬ್ಲೆಂಡರ್ ಅಥವಾ ಎಐ ಕೆಲಸವೂ ಇದೆ ಅಂದರೆ 12 ಜಿಬಿಯ 3060. ಎರಡರ ನಡುವೆ ಮೂರು-ನಾಲ್ಕು ಸಾವಿರ ಮಾತ್ರ ವ್ಯತ್ಯಾಸ ಇದ್ದರೆ ವಾರಂಟಿಗಾಗಿಯೇ ಹೊಸದು. ಇಂಟೆಲ್‌ನ ಬಿ580 ಅಂತ 12 ಜಿಬಿಯ ಇನ್ನೊಂದು ಕಾರ್ಡ್ ಇದೆ, ಬೆಲೆ ಆಸೆ ಹುಟ್ಟಿಸುತ್ತದೆ. ಆದರೆ ಅದು ಹಳೆಯ ಪ್ರೊಸೆಸರ್ ಜೊತೆ ಮಂಕಾಗುತ್ತದೆ.

ಅಕ್ಕನ ಮಗ ಕೊನೆಗೆ ಒಬ್ಬರ ಮನೆಯಲ್ಲಿ ಪರೀಕ್ಷೆ ಮಾಡಿ 12 ಜಿಬಿ 3060 ತಗೊಂಡ. ಟವೆಲ್‌ನಲ್ಲಿ ಸುತ್ತಿ ಬಸ್‌ನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹಾಸನಕ್ಕೆ ಹೋದ. ರಾತ್ರಿ ಹತ್ತೂವರೆಗೆ ಫೋನ್.

"ಮಾಮ, ಮೋಸ ಹೋದ್ವಿ. ಕಾರ್ಡ್ ಹಾಕಿದೀನಿ, ಫ್ಯಾನ್ ತಿರುಗ್ತಾ ಇದೆ, ಆಟ ಮಾತ್ರ ಮೊದಲಿನ ಹಂಗೇ ಇದೆ."

"ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದೀಯೋ?"

ಸ್ವಲ್ಪ ಹೊತ್ತು ಮಾತಿಲ್ಲ. ಕೇಬಲ್ ಇನ್ನೂ ಮದರ್‌ಬೋರ್ಡ್‌ನ ಹಳೆಯ ಪೋರ್ಟ್‌ನಲ್ಲೇ ಇತ್ತು, ಕಾರ್ಡ್‌ನಲ್ಲಿ ಅಲ್ಲ.